ಬೆಳ್ಳಗಾದ ಸಾಮೆ: ತೌಡು ಹೋದ ಮೇಲೆ ಉಳಿಯುವುದೇನು?

ಸಿರಿಧಾನ್ಯ ಉಂಡರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ ಎಂದು ವರ್ಷಗಳಿಂದ ಕೇಳಿಕೊಂಡು ಬಂದವರಿಗೆ ಈಚಿನ ಸುದ್ದಿಯೊಂದು ಗಲಿಬಿಲಿ ಉಂಟುಮಾಡಿದೆ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಷನ್ ಮತ್ತು ಹೈದರಾಬಾದಿನ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆಯ ತಜ್ಞರು ಸಣ್ಣ ಸಿರಿಧಾನ್ಯಗಳನ್ನು ತೌಡು ಸಮೇತವಾಗಿಯೂ ತೌಡು ತೆಗೆದೂ ಹೋಲಿಸಿ ನೋಡಿದರು. ತೌಡು ಹೋದಂತೆ ಪ್ರೋಟೀನು, ಕೊಬ್ಬು, ನಾರು, ಖನಿಜ ಎಲ್ಲವೂ ಇಳಿದವು, ಪಿಷ್ಟದ ಪಾಲು ಏರಿತು. ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರುವಷ್ಟರಲ್ಲಿ ‘ಸಿರಿಧಾನ್ಯವೂ ಅಕ್ಕಿಯಷ್ಟೇ’ ಎಂದಾಗಿಬಿಟ್ಟಿತು.

ಈ ಗೊಂದಲ ಮೈಸೂರಿಗೆ ಸ್ವಲ್ಪ ಹೆಚ್ಚೇ ತಟ್ಟುತ್ತದೆ. ಸಾಮೆ, ನವಣೆ, ಊದಲು, ಕೊರಲೆ, ಹಾರಕಗಳನ್ನು ಮನೆಮಾತಾಗಿಸಿದ, 2023ರಲ್ಲಿ ಪದ್ಮಶ್ರೀ ಪಡೆದ ಡಾ. ಖಾದರ್ ಅವರು ಇರುವುದು ಇಲ್ಲೇ. ಧಾನ್ಯ ಸಂಸ್ಕರಣೆಯ ಬಗ್ಗೆ ದಶಕಗಳಿಂದ ಕೆಲಸ ಮಾಡಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ ಇರುವುದೂ ಇಲ್ಲೇ, ಚೆಲುವಾಂಬ ಮಹಲಿನಲ್ಲಿ. ಪಕ್ಕದ ಮಂಡ್ಯವಂತೂ ಮುದ್ದೆಯ ನಾಡು. ಹಾಗಾಗಿ ಸಾಮೆಯೊಂದನ್ನೇ ಹಿಡಿದು ಈ ವಿಚಾರ ಬಿಡಿಸಿ ನೋಡಬಹುದು. ಸಾಮೆಯ ಬಗ್ಗೆ ನಿಜವಾದದ್ದು ಬಹುಮಟ್ಟಿಗೆ ಊದಲು, ಕೊರಲೆಗಳಿಗೂ ಸಲ್ಲುತ್ತದೆ.

ಹೊಟ್ಟು ಬೇರೆ, ತೌಡು ಬೇರೆ

ಅರ್ಧ ಗೊಂದಲ ಇಲ್ಲೇ ಹುಟ್ಟುತ್ತದೆ. ಹೊಲದಿಂದ ಬಂದ ಸಾಮೆಯ ಮೇಲೆ ಭತ್ತಕ್ಕಿರುವಂತೆ ಗಟ್ಟಿಯಾದ, ಹೊಳಪಿನ ಹೊಟ್ಟಿದೆ. ಅದನ್ನು ಮನುಷ್ಯರ ಹೊಟ್ಟೆ ಅರಗಿಸದು, ಆದ್ದರಿಂದ ತೆಗೆಯಲೇಬೇಕು. ಹೊಟ್ಟಿನ ಒಳಗೆ ಕಾಳಿಗೆ ಅಂಟಿಕೊಂಡಿರುವ ತೆಳು ಪದರ ತೌಡು. ಕಾಳಿನ ಒಂದು ತುದಿಯಲ್ಲಿ ಮೊಳಕೆಯ ಕಣ್ಣು ಇರುತ್ತದೆ. ನಾರು, ಬಿ ಗುಂಪಿನ ಜೀವಸತ್ವ, ಎಣ್ಣೆ, ಖನಿಜಗಳ ದೊಡ್ಡ ಪಾಲು ಈ ಎರಡರಲ್ಲಿ ಸೇರಿಕೊಂಡಿದೆ. ನಡುವಿನದು ಬಹುಪಾಲು ಪಿಷ್ಟ.

ಹೊಟ್ಟು ತೆಗೆಯುವುದು ಅನಿವಾರ್ಯ, ತೌಡು ತೆಗೆಯುವುದು ಹಾಗಲ್ಲ. ‘ಸಂಸ್ಕರಿಸಿದ ಸಾಮೆ’ ಎಂಬ ಒಂದೇ ಮಾತಿನ ಅಡಿಯಲ್ಲಿ ಎರಡೂ ಬರುತ್ತವೆ, ಕೊಳ್ಳುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಸಾಮೆಗೆ ಇನ್ನೊಂದು ಕಷ್ಟವಿದೆ. ಅದರ ಕಾಳು ಬಹಳ ಸಣ್ಣದು. ಸಾವಿರ ಕಾಳು ತೂಗಿದರೆ ಎರಡು, ಎರಡೂವರೆ ಗ್ರಾಂ ಬಂದೀತು. ಭತ್ತದ ಸಾವಿರ ಕಾಳು ಹದಿನೈದರಿಂದ ಇಪ್ಪತ್ತೈದು ಗ್ರಾಂ ತೂಗುತ್ತದೆ. ಕಾಳು ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು. ಅಂದರೆ ಮಿಲ್ಲಿನಲ್ಲಿ ಉಜ್ಜುವುದು ಒಂದೆರಡು ಸುತ್ತು ಹೆಚ್ಚಾದರೆ ಅಕ್ಕಿಗಿಂತ ಸಾಮೆ ಕಳೆದುಕೊಳ್ಳುವುದೇ ಹೆಚ್ಚು.

ಮಿಲ್ಲಿನಲ್ಲಿ ಆಗುವುದೇನು

ಒರಳಲ್ಲಿ ಹಾಕಿ ಒನಕೆಯಲ್ಲಿ ಕುಟ್ಟಿ, ಮೊರದಲ್ಲಿ ಕೇರುತ್ತಿದ್ದ ಕಾಲದಲ್ಲಿ ಹೊಟ್ಟು ಹೋಗುತ್ತಿತ್ತು, ತೌಡು ಅಲ್ಲಲ್ಲಿ ಉಳಿಯುತ್ತಿತ್ತು. ಈಗಿನ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಕಾಳನ್ನು ವೇಗವಾಗಿ ತಿರುಗಿಸಿ ಗೋಡೆಗೆ ಎಸೆಯುತ್ತಾರೆ. ಬಡಿದ ಏಟಿಗೆ ಹೊಟ್ಟು ಸೀಳಿ ಬಿಡುತ್ತದೆ, ತೌಡಿಗೆ ಅಷ್ಟು ಪೆಟ್ಟಾಗುವುದಿಲ್ಲ. ಇನ್ನೊಂದು ಎಮರಿ ಕಲ್ಲಿನ ಯಂತ್ರ. ಇದರಲ್ಲಿ ಒರಟು ಕಲ್ಲಿಗೆ ಕಾಳು ಉಜ್ಜಿಕೊಂಡು ಹೊಟ್ಟೂ ತೌಡೂ ಒಟ್ಟಿಗೇ ಸವೆಯುತ್ತವೆ.

ಯಂತ್ರ ಒಳ್ಳೆಯದಿದ್ದರೂ ಕೆಲಸ ಕೆಡುವುದು ಎರಡು ಕಡೆ. ಮೊದಲನೆಯದು, ಗಾತ್ರ ನೋಡಿ ಬೇರ್ಪಡಿಸದೆ ಹಾಕುವುದು. ದಪ್ಪ ಕಾಳಿಗೆ ಹೊಂದಿಸಿದ ಯಂತ್ರದಲ್ಲಿ ಸಣ್ಣ ಕಾಳು ಹೊಟ್ಟಿನ ಸಮೇತ ಹೊರಬರುತ್ತದೆ. ಅನ್ನದಲ್ಲಿ ಹೊಟ್ಟು ಸಿಕ್ಕಿತೆಂದು ಗಿರಾಕಿ ದೂರುತ್ತಾನೆ, ಮಿಲ್ಲಿನವರು ಎಲ್ಲವನ್ನೂ ಮತ್ತೆ ಎರಡು ಸಲ ಯಂತ್ರಕ್ಕೆ ಹಾಕುತ್ತಾರೆ. ಹತ್ತು ಕಾಳಿನ ಹೊಟ್ಟಿಗಾಗಿ ನೂರು ಕಾಳಿನ ತೌಡು ಹೋಗುವುದು ಹೀಗೆ. ಎರಡನೆಯದು ತೇವಾಂಶ. ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಹನ್ನೆರಡು ತೇವವಿದ್ದರೆ ಕೆಲಸ ಸಲೀಸು. ತೀರಾ ಒಣಗಿದ್ದರೆ ಕಾಳು ನುಚ್ಚಾಗುತ್ತದೆ, ಹಸಿಯಿದ್ದರೆ ಹೊಟ್ಟು ಬಿಡುವುದಿಲ್ಲ.

ಇಷ್ಟಾದ ಮೇಲೂ ಬೇಕೆಂದೇ ಬಿಳಿ ಮಾಡುವ ಕೆಲಸ ಬೇರೆ ಇದೆ. ಅದಕ್ಕೆ ವ್ಯಾಪಾರಿಯ ಕಾರಣ ಗಟ್ಟಿಯಾದದ್ದೇ. ತೌಡಿನಲ್ಲಿ ಎಣ್ಣೆಯಿದೆ, ಅದನ್ನು ಒಡೆಯುವ ಕಿಣ್ವವೂ ಅಲ್ಲೇ ಇದೆ. ಹೊಟ್ಟಿನೊಳಗಿದ್ದಾಗ ಸಾಮೆ ವರ್ಷಗಟ್ಟಲೆ ಕೆಡುವುದಿಲ್ಲ. ಹೊಟ್ಟು ತೆಗೆಯುವಾಗ ತೌಡಿಗೆ ಗಾಯವಾದರೆ ಆ ಎಣ್ಣೆಯೂ ಕಿಣ್ವವೂ ಗಾಳಿಯೂ ಒಂದಾಗಿ ಎರಡು ಮೂರು ತಿಂಗಳಲ್ಲೇ ಕಮಟು ವಾಸನೆ ಏಳುತ್ತದೆ. ಹುಳುವಿಗೂ ತೌಡಿನ ಕಾಳೇ ಇಷ್ಟ. ಅಂಗಡಿಯ ಕಪಾಟಿನಲ್ಲಿ ಆರು ತಿಂಗಳು ಕೂರಬೇಕಾದ ಪ್ಯಾಕೆಟ್ಟಿಗೆ ಬಿಳಿ ಸಾಮೆಯೇ ಅನುಕೂಲ.

ಇದಕ್ಕೆ ಪರಿಹಾರವೂ ಹಳೆಯದೇ, ಕುಸುಬಲು ಅಕ್ಕಿಯ ವಿಧಾನ. ಹೊಟ್ಟಿನ ಸಮೇತ ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿದ ಮೇಲೆ ಹೊಟ್ಟು ತೆಗೆದರೆ ಹಬೆಗೆ ಕಿಣ್ವ ಸಾಯುತ್ತದೆ, ಕಾಳು ಗಟ್ಟಿಯಾಗಿ ನುಚ್ಚು ಕಡಿಮೆಯಾಗುತ್ತದೆ, ತೌಡಿನ ಕೆಲವು ಜೀವಸತ್ವಗಳು ಕಾಳಿನ ಒಳಕ್ಕೂ ಇಳಿಯುತ್ತವೆ. ಬಣ್ಣ ಸ್ವಲ್ಪ ಮಂಕಾಗುತ್ತದೆ ಅಷ್ಟೆ. ಮಾರುಕಟ್ಟೆ ಸೋಲುತ್ತಿರುವುದೂ ಆ ಬಣ್ಣದ ಮುಂದೆಯೇ.

ಯಾವ ಅಂಕಿ ನಂಬುವುದು?

ಸಾಮೆಯಲ್ಲಿ ನಾರು 9.8 ಗ್ರಾಂ, ಕಬ್ಬಿಣ 9.3 ಮಿಲಿಗ್ರಾಂ ಎನ್ನುವ ಪಟ್ಟಿ ಎಲ್ಲ ಕಡೆ ಓಡಾಡುತ್ತಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊಸದಾಗಿ ಅಳೆದು ಹೊರತಂದ ಆಹಾರ ಪಟ್ಟಿಯಲ್ಲಿ ನೂರು ಗ್ರಾಂ ಸಾಮೆಗೆ ಇರುವುದು ನಾರು 7.72 ಗ್ರಾಂ, ಪ್ರೋಟೀನು 10.13, ಕೊಬ್ಬು 3.89, ಕಬ್ಬಿಣ 1.26 ಮಿಲಿಗ್ರಾಂ, ಕ್ಯಾಲ್ಸಿಯಂ 16 ಮಿಲಿಗ್ರಾಂ. ಕಬ್ಬಿಣದ ಅಂಕಿ ಏಳು ಪಟ್ಟು ಕಡಿಮೆ! ತಳಿ, ಮಣ್ಣು, ಕಾಳಿಗೆ ಅಂಟಿದ ಧೂಳು, ಉಳಿದ ಹೊಟ್ಟು, ಅಳೆಯುವ ವಿಧಾನ ಎಲ್ಲವೂ ಇಂಥ ಅಂಕಿಗಳನ್ನು ಏರಿಸಿ ಇಳಿಸುತ್ತವೆ. ರಕ್ತಹೀನತೆಗೆ ಸಾಮೆಯೇ ಮದ್ದು ಎಂದು ನಂಬಿ ಸೊಪ್ಪು, ಬೇಳೆಕಾಳು, ಮಾಂಸ, ವೈದ್ಯರು ಕೊಟ್ಟ ಮಾತ್ರೆ ಬಿಟ್ಟವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಅದೇ ಪಟ್ಟಿಯಲ್ಲಿ ಪಾಲಿಶ್ ಮಾಡಿದ ಅಕ್ಕಿಯ ನಾರು 2.81 ಗ್ರಾಂ, ಪ್ರೋಟೀನು 7.94, ಕೊಬ್ಬು 0.52. ತೌಡುಳಿದ ಕಂದು ಅಕ್ಕಿಗೆ ನಾರು 4.43, ಕೊಬ್ಬು 1.24. ಕಾಳು ಒಂದೇ ಆದರೂ ತೌಡು ಹೋದಾಗ ಎಷ್ಟು ಸೋರುತ್ತದೆ ಎಂಬುದಕ್ಕೆ ಈ ಜೋಡಿ ಸಾಕು. ಸಾಮೆಯಲ್ಲಿ ಸೋರಿಕೆಯ ದಾರಿಯೂ ಇದೇ.

ರಕ್ತದ ಸಕ್ಕರೆಯ ಲೆಕ್ಕ

ಹೈದರಾಬಾದಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ನೇತೃತ್ವದಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆ ಸಿರಿಧಾನ್ಯಗಳ ಸರಾಸರಿ ಗ್ಲೈಸೆಮಿಕ್ ಸೂಚ್ಯಂಕ 52.7 ಎಂದಿತು. ಉಂಡದ್ದು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂಬುದರ ಅಳತೆ ಇದು; 55ರ ಒಳಗಿದ್ದರೆ ಕಡಿಮೆ, 70 ದಾಟಿದರೆ ಹೆಚ್ಚು ಎಂಬುದು ಲೆಕ್ಕ. ಹಾಗಾದರೆ ಚೆನ್ನೈನವರು ಹೇಳಿದ್ದು ಇದಕ್ಕೆ ವಿರುದ್ಧವೇ? ಅಲ್ಲ. ಮೊದಲನೆಯದು ಬಗೆಬಗೆಯ ಧಾನ್ಯ, ಬಗೆಬಗೆಯ ಅಡುಗೆಯ ಸರಾಸರಿ. ಎರಡನೆಯದು ಒಂದೇ ಧಾನ್ಯವನ್ನು ಉಜ್ಜಿದರೆ ಅದರಲ್ಲಿ ಏನು ಬದಲಾಗುತ್ತದೆ ಎಂಬ ಪ್ರಶ್ನೆ. ಎರಡೂ ಏಕಕಾಲಕ್ಕೆ ನಿಜವಾಗಬಹುದು.

ಒಂದು ಊಟದ ಲೆಕ್ಕ ಹಾಕಿ ನೋಡಿ. 75 ಗ್ರಾಂ ಸಾಮೆ ಅಕ್ಕಿ ಬೇಯಿಸಿ ಉಂಡರೆ ಸುಮಾರು 49 ಗ್ರಾಂ ಪಿಷ್ಟ, 5.8 ಗ್ರಾಂ ನಾರು ಒಳಗೆ ಹೋಗುತ್ತದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ 59 ಗ್ರಾಂ ಪಿಷ್ಟ, 2.1 ಗ್ರಾಂ ನಾರು. ವ್ಯತ್ಯಾಸ ಇದೆ, ಆದರೆ ಪವಾಡವೇನಲ್ಲ. ‘ಸಿರಿಧಾನ್ಯ ತಾನೆ’ ಎಂದು ತಟ್ಟೆಗೆ ಇನ್ನೊಂದು ಸೌಟು ಬಡಿಸಿಕೊಂಡರೆ ಪಿಷ್ಟದ ಹತ್ತು ಗ್ರಾಂ ಲಾಭ ಅಲ್ಲಿಗೇ ತೀರಿತು. ಕಾಳು ಬಿಳಿಯದಾಗಿದ್ದರೆ ನಾರಿನ ಲಾಭವೂ ಇಲ್ಲ. ಮೂರು ತಿಂಗಳು ಸಾಮೆ ಅನ್ನ ಉಂಡರೂ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿಲ್ಲ ಎನ್ನುವವರು ಮೊದಲು ನೋಡಬೇಕಾದ ಎರಡು ಜಾಗ ಇವು. ಮೂರನೆಯದು ಹಿಟ್ಟು. ಕಾಳು ಇಡಿಯಾಗಿದ್ದಾಗ ಜೀರ್ಣರಸ ಹೊರಗಿನಿಂದ ನಿಧಾನಕ್ಕೆ ಒಳಹೋಗಬೇಕು. ನುಣ್ಣಗೆ ಬೀಸಿ ಗಂಜಿ ಕಾಯಿಸಿದರೆ ಆ ತಡೆ ಇಲ್ಲವಾಗಿ ಸಕ್ಕರೆ ಬೇಗ ಏರುತ್ತದೆ. ಬೆಳಗಿನ ಸಾಮೆ ಹಿಟ್ಟಿನ ಗಂಜಿಯೂ ರಾತ್ರಿಯ ಸಾಮೆ ಅನ್ನವೂ ದೇಹಕ್ಕೆ ಒಂದೇ ಅಲ್ಲ.

ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ ಬದಲಾಯಿಸಿದ ಮೊದಲ ವಾರಗಳಲ್ಲಿ ಸಕ್ಕರೆ ಪರೀಕ್ಷಿಸಿಕೊಳ್ಳುತ್ತಿರಬೇಕು. ಸಕ್ಕರೆ ತೀರಾ ಇಳಿದುಬಿಡುವ ಸಾಧ್ಯತೆಯೂ ಇದೆ, ಮಾತ್ರೆಯ ಪ್ರಮಾಣವನ್ನು ವೈದ್ಯರೇ ಬದಲಿಸಬೇಕು.

ಮೂರು ಪಕ್ಷ

ಸಿರಿಧಾನ್ಯದ ಪರ ಇರುವವರ ಒಂದು ಗುಂಪು, ಅಕ್ಕಿ ಗೋಧಿ ಪೂರ್ತಿ ಬಿಟ್ಟು ಇವನ್ನೇ ಸರದಿಯಂತೆ ಉಣ್ಣಬೇಕು ಎನ್ನುತ್ತದೆ. ಪೋಷಣಾ ತಜ್ಞರು ಧಾನ್ಯ ಯಾವುದಾದರೂ ತಟ್ಟೆಯಲ್ಲಿ ಅದರ ಪಾಲೇ ತಗ್ಗಬೇಕು ಎನ್ನುತ್ತಾರೆ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ದಿನದ ಒಟ್ಟು ಶಕ್ತಿಯಲ್ಲಿ ಧಾನ್ಯದಿಂದ ಬರುವುದು ನೂರಕ್ಕೆ 45ರ ಒಳಗಿರಲಿ, ಉಳಿದದ್ದು ಬೇಳೆಕಾಳು, ತರಕಾರಿ, ಹಾಲು, ಹಣ್ಣು, ಬೀಜಗಳಿಂದ ಬರಲಿ ಎಂಬ ಧಾಟಿಯದು. ಮಿಲ್ಲಿನವರ, ವ್ಯಾಪಾರಿಗಳ ಮಾತು ಸರಳ: ಜನ ಬಿಳಿಯದನ್ನೇ ಎತ್ತಿಕೊಳ್ಳುತ್ತಾರೆ.

ಇವರಲ್ಲಿ ಎರಡನೆಯವರ ಮಾತೇ ಹೆಚ್ಚು ನಿಲ್ಲುವಂಥದ್ದು. ಆದರೆ ತೌಡಿನ ಪ್ರಶ್ನೆಯಲ್ಲಿ ಮೊದಲನೆಯ ಗುಂಪೂ ಸರಿ; ಪಾಲಿಶ್ ಬೇಡ ಎಂದು ಮೊದಲಿನಿಂದ ಕೂಗಿದವರಲ್ಲಿ ಅವರೂ ಇದ್ದಾರೆ.

ಕಾನೂನು ಏನು ಹೇಳುತ್ತದೆ? 2023ರ ಸೆಪ್ಟೆಂಬರ್ 1ರಿಂದ ಹದಿನೈದು ಸಿರಿಧಾನ್ಯಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ಒಂದೇ ಗುಣಮಟ್ಟ ಜಾರಿಯಾಯಿತು. ತೇವಾಂಶ, ಕಸಕಡ್ಡಿ, ಹುಳು ತಿಂದ ಕಾಳು, ಜಳ್ಳು, ಯೂರಿಕ್ ಆಮ್ಲ ಇಂಥವಕ್ಕೆ ಮಿತಿ ಹಾಕಿದೆ. ಇವು ಶುಚಿತ್ವದ ಅಳತೆಗಳು. ತೌಡು ಎಷ್ಟು ಉಳಿದಿದೆ ಎಂಬುದನ್ನು ಇವುಗಳಿಂದ ತಿಳಿಯಲಾಗದು.

ಇದರ ಪೆಟ್ಟು ಕೊನೆಗೆ ಬೀಳುವುದು ಹೊಲದವರ ಮೇಲೆ. ರಾಜ್ಯದ ರೈತಸಿರಿ ಯೋಜನೆ ಕಿರುಧಾನ್ಯ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಕೇಂದ್ರ ಪ್ರತ್ಯೇಕವಾಗಿ ಬೆಂಬಲ ಬೆಲೆ ಘೋಷಿಸುವುದು ಮಾತ್ರ ಜೋಳ, ಸಜ್ಜೆ, ರಾಗಿ ಈ ಮೂರಕ್ಕೇ. ಸಾಮೆಗೆ ಆಸರೆ ಎಂದರೆ ಪೇಟೆಯವರ ನಂಬಿಕೆ. ಬಿಳಿ ಸಾಮೆ ಉಂಡು ಲಾಭ ಕಾಣದವರು ಆರು ತಿಂಗಳಲ್ಲಿ ಅಕ್ಕಿಗೆ ಮರಳಿದರೆ ಬೇಡಿಕೆ ಕುಸಿಯುತ್ತದೆ, ರೈತ ಮೆಕ್ಕೆಜೋಳಕ್ಕೋ ಶುಂಠಿಗೋ ಹೊರಳುತ್ತಾನೆ. ಉಜ್ಜಿದ್ದು ಬೇರೆಯವರು, ಹೆಸರು ಕೆಡುವುದು ಸಾಮೆಯದು.

ಹಾರಕದ ಭಯ ಎಷ್ಟು ನಿಜ

2024ರ ಅಕ್ಟೋಬರ್ ಕೊನೆಯಲ್ಲಿ ಮಧ್ಯಪ್ರದೇಶದ ಬಾಂಧವಗಢದಲ್ಲಿ ಹತ್ತು ಆನೆ ಸತ್ತವು. ಅವು ಹಾರಕದ ಹೊಲ ಮೇಯ್ದಿದ್ದವು, ಪರೀಕ್ಷೆಯಲ್ಲಿ ಸೈಕ್ಲೋಪಿಯಾಜೋನಿಕ್ ಆಮ್ಲ ಎಂಬ ವಿಷ ಕಂಡಿತು. ಈ ವಿಷ ಹಾರಕದ್ದಲ್ಲ, ಬೂಷ್ಟಿನದು. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ತೆನೆ ಒದ್ದೆಯಾದರೆ ಬೂಷ್ಟು ಬೆಳೆಯುತ್ತದೆ, ಅಂಥ ಕಾಳು ಉಂಡವರಿಗೆ ತಲೆಸುತ್ತು, ವಾಂತಿ, ಅಮಲು ಬರುತ್ತದೆ. ಚೆನ್ನಾಗಿ ಒಣಗಿಸಿದ, ಕಪ್ಪು ಕಲೆಯಿಲ್ಲದ, ಮುಗ್ಗಲು ವಾಸನೆಯಿಲ್ಲದ ಹಾರಕಕ್ಕೆ ಹೆದರಬೇಕಿಲ್ಲ. ವಾಸನೆ ಇದ್ದರೆ ತೊಳೆದು ಬೇಯಿಸಿದರೂ ಭರವಸೆಯಿಲ್ಲ, ಎಸೆಯುವುದೇ ಸರಿ.

ಅಂಗಡಿಯಲ್ಲಿ, ಅಂಗೈಯಲ್ಲಿ

ಒಂದು ಚಿಟಿಕೆ ಸಾಮೆ ಅಕ್ಕಿಯನ್ನು ಅಂಗೈ ಮೇಲೆ ಹರಡಿ ಬಿಸಿಲಿಗೆ ಹಿಡಿಯಿರಿ. ತೌಡುಳಿದ ಕಾಳು ಬೂದು ಮಿಶ್ರಿತ ಹಳದಿ ಅಥವಾ ತಿಳಿಗಂದು, ಎಲ್ಲ ಕಾಳಿನ ಬಣ್ಣ ಒಂದೇ ಇರುವುದಿಲ್ಲ, ತುದಿಯಲ್ಲಿ ಕಣ್ಣು ಕಾಣುತ್ತದೆ, ಅಲ್ಲೊಂದು ಇಲ್ಲೊಂದು ಹೊಟ್ಟಿನ ಕಾಳೂ ಸಿಗುತ್ತದೆ. ಆ ಒಂದೆರಡು ಹೊಟ್ಟಿನ ಕಾಳು ದೋಷವಲ್ಲ, ಹೆಚ್ಚು ಉಜ್ಜಿಲ್ಲ ಎಂಬುದಕ್ಕೆ ಸಾಕ್ಷಿ. ಬಿಳಿ ಮಾಡಿದ ಸಾಮೆ ರವೆಯಂತೆ ಹಾಲು ಬಣ್ಣದ್ದು, ಕಣ್ಣಿನ ಜಾಗದಲ್ಲಿ ಸಣ್ಣ ಕುಳಿ, ಬೆರಳಿಗೆ ಬಿಳಿ ಹುಡಿ ಅಂಟುತ್ತದೆ. ತೊಳೆದ ಮೊದಲ ನೀರು ಹಾಲಿನಂತೆ ಬೆಳ್ಳಗಾಗುತ್ತದೆ.

ಪ್ಯಾಕೆಟ್ಟಿನ ಹಿಂಬದಿ ನೋಡುವುದಾದರೆ ನಾರಿನ ಜತೆಗೆ ಕೊಬ್ಬಿನ ಅಂಕಿಯನ್ನೂ ನೋಡಿ. ಎಣ್ಣೆ ಇರುವುದು ತೌಡು, ಕಣ್ಣುಗಳಲ್ಲಿ. ಸಾಮೆಯಲ್ಲಿ ಕೊಬ್ಬು ಒಂದು ಗ್ರಾಮಿನ ಆಸುಪಾಸಿಗೆ ಇಳಿದಿದ್ದರೆ ತೌಡು ಹೋಗಿದೆ ಎಂದೇ ಅರ್ಥ. (ಬಣ್ಣ ಬೆಳ್ಳಗಿದ್ದೂ ಅಂಕಿ ಚೆನ್ನಾಗಿದ್ದರೆ, ಅಂಕಿಯನ್ನು ಯಾವುದೋ ಪಟ್ಟಿಯಿಂದ ಎತ್ತಿ ಅಚ್ಚು ಹಾಕಿರುವ ಸಂಭವವೇ ಹೆಚ್ಚು. ನಿಮ್ಮ ಕಣ್ಣನ್ನೇ ನಂಬಿ.)

ಒಮ್ಮೆಗೆ ಒಂದೆರಡು ಕಿಲೋ ಸಾಕು. ಗಾಳಿಯಾಡದ ಡಬ್ಬಿಯಲ್ಲಿಟ್ಟು, ಜಾಗವಿದ್ದರೆ ಫ್ರಿಜ್ಜಿನಲ್ಲಿಡಿ. ಮಿಲ್ ಮಾಡಿದ ತಾರೀಖು ಕೇಳಿ, ಎರಡು ತಿಂಗಳ ಒಳಗಿನದಾದರೆ ಒಳ್ಳೆಯದು.

ಒಲೆಯ ಮೇಲೆ

ಬಿಳಿ ಸಾಮೆಯ ಅಳತೆಯಲ್ಲೇ ತೌಡಿನ ಸಾಮೆ ಬೇಯಿಸಿ ‘ಬೆಂದಿಲ್ಲ, ಹೊಟ್ಟೆ ಉಬ್ಬರಿಸಿತು’ ಎಂದು ಕೈಬಿಟ್ಟವರು ಬಹಳ. ಸಾಮೆಯಲ್ಲಿ ಅದರಷ್ಟೇ ಗಾತ್ರದ ಕಲ್ಲು, ಮರಳು ಇರಬಹುದು, ಆದ್ದರಿಂದ ಮೊದಲು ಜಾಲಿಸಬೇಕು: ನೀರು ತುಂಬಿ ಪಾತ್ರೆಯನ್ನು ಓರೆಯಾಗಿ ಹಿಡಿದು ಅಲ್ಲಾಡಿಸುತ್ತ ಕಾಳನ್ನು ಮತ್ತೊಂದು ಪಾತ್ರೆಗೆ ಸ್ವಲ್ಪಸ್ವಲ್ಪವೇ ಬಗ್ಗಿಸಿದರೆ ಕಲ್ಲು ತಳದಲ್ಲಿ ನಿಲ್ಲುತ್ತದೆ. ಆಮೇಲೆ ಆರರಿಂದ ಎಂಟು ಗಂಟೆ ನೆನೆಯಲಿ. ತೌಡಿನಲ್ಲಿರುವ ಫೈಟೇಟು ಕಬ್ಬಿಣ, ಸತುಗಳನ್ನು ಹಿಡಿದುಕೊಂಡು ದೇಹಕ್ಕೆ ಬಿಡುವುದಿಲ್ಲ. ನೆನೆಸಿದ ನೀರು ಚೆಲ್ಲಿದರೆ ಅದು ಸ್ವಲ್ಪ ತಗ್ಗುತ್ತದೆ. ದೋಸೆ ಹಿಟ್ಟಿನಂತೆ ಹುಳಿ ಬರಿಸಿದರೆ ಇನ್ನೂ ತಗ್ಗುತ್ತದೆ.

ಒಂದು ಲೋಟ ಸಾಮೆಗೆ ಎರಡೂವರೆ ಲೋಟ ನೀರು, ಮೆತ್ತಗೆ ಬೇಕಿದ್ದರೆ ಮೂರು. ಪಾತ್ರೆಯಲ್ಲಾದರೆ ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ, ಆಮೇಲೆ ಮುಚ್ಚಿಟ್ಟು ಹತ್ತು ನಿಮಿಷ. ಕುಕ್ಕರಿನಲ್ಲಿ ಎರಡು ಕೂಗು ಸಾಕು. ನೆನೆಸದೆ ಇಟ್ಟರೆ ಹೊರಗೆ ಮುದ್ದೆಯಾಗಿ ಒಳಗೆ ಗಟ್ಟಿ ಉಳಿಯುತ್ತದೆ. ನಾಲ್ಕೈದು ಕೂಗು ಕೂಗಿಸಿ ಕರಗಿಸಿದರೆ ಸಕ್ಕರೆ ಬೇಗ ಏರುವ ಗಂಜಿಯ ಕತೆಯೇ ಮತ್ತೆ. ಮೊದಲ ಎರಡು ವಾರ ದಿನಕ್ಕೊಂದು ಹೊತ್ತು, ಅದೂ ಅರ್ಧ ಅಳತೆಯಲ್ಲಿ ಉಂಡರೆ ಹೊಟ್ಟೆಗೆ ಹೆಚ್ಚಿದ ನಾರು ಒಗ್ಗುತ್ತದೆ. ಜತೆಗೆ ಬಸ್ಸಾರೋ ಹುರುಳಿಕಾಳಿನ ಸಾರೋ ಇದ್ದರೆ ಪ್ರೋಟೀನಿನ ಕೊರತೆ ತುಂಬುತ್ತದೆ. ಬರೀ ಮೊಸರು ಉಪ್ಪಿನಕಾಯಿಯಲ್ಲಿ ಮುಗಿಸಿದರೆ ತುಂಬದು.

ರಾಗಿಯ ಜಾಗಕ್ಕೆ ಸಾಮೆ?

ಮಂಡ್ಯ ಕಡೆ ಆಗುತ್ತಿರುವ ಒಂದು ತಪ್ಪು ಇದು: ಸಾಮೆ ಬಂತೆಂದು ಮುದ್ದೆ ಬಿಡುವುದು. ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ, 11.18 ಗ್ರಾಂ ನಾರು. ಸಾಮೆಯ ಕ್ಯಾಲ್ಸಿಯಂ 16 ಎಂದು ಮೇಲೆಯೇ ನೋಡಿದೆವು. ಸಾಮೆ ಬರಬೇಕಾದದ್ದು ಬಿಳಿ ಅನ್ನದ ಜಾಗಕ್ಕೆ. ಮುದ್ದೆಯ ಜಾಗಕ್ಕೆ ಬಂದರೆ ಮೂಳೆಯ ಲೆಕ್ಕದಲ್ಲಿ ನಷ್ಟ.

ರಾಗಿಗೆ ಇನ್ನೊಂದು ಗುಣವಿದೆ. ಅದರ ಕೆಂಪು ಸಿಪ್ಪೆ ಒಳಗಿನ ಮೆತ್ತನೆಯ ಪಿಷ್ಟಕ್ಕೆ ಎಷ್ಟು ಬಿಗಿಯಾಗಿ ಅಂಟಿದೆಯೆಂದರೆ ಅಕ್ಕಿಯಂತೆ ಉಜ್ಜಲು ಹೋದರೆ ಕಾಳೇ ಪುಡಿಯಾಗುತ್ತದೆ. ಸಿಪ್ಪೆ ತೆಗೆದ ರಾಗಿ ಬೇಕೆಂದಾಗ ಸಿಎಫ್‌ಟಿಆರ್‌ಐ ಮೊದಲು ಕಾಳನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಗಟ್ಟಿ ಮಾಡುವ ಬೇರೆಯೇ ವಿಧಾನ ಕಂಡುಹಿಡಿಯಬೇಕಾಯಿತು. ಹಾಗಾಗಿ ಊರ ಗಿರಣಿಯಲ್ಲಿ ರಾಗಿಯನ್ನು ಇಡಿಯಾಗಿ ಬೀಸದೆ ಬೇರೆ ದಾರಿಯಿಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ದೇಸಿ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ಇಂಡಾಫ್ ತಳಿಗಳನ್ನು ತಂದು ಇಳುವರಿ ಏರಿಸಿದಾಗಲೂ ಈ ಗುಣ ಹಾಗೇ ಉಳಿಯಿತು. ಮಿಲ್ಲಿನವರನ್ನು ನಂಬಬೇಕಿಲ್ಲದ ಇಡಿಧಾನ್ಯ ಎಂದರೆ ಇದೇ.

ಆದರೆ ಮಿಲ್ಲು ಮಾಡಲಾಗದ ಕೆಲಸವನ್ನು ಒಂದರಿ ಮಾಡುತ್ತದೆ. ಮುದ್ದೆ ನುಣ್ಣಗೆ ಬರಲೆಂದು ಹಿಟ್ಟನ್ನು ಸಣ್ಣ ಕಣ್ಣಿನ ಒಂದರಿಯಲ್ಲಿ ಎರಡೆರಡು ಸಲ ಆಡಿದರೆ ಮೇಲೆ ಉಳಿಯುವುದು ಆ ಕೆಂಪು ಸಿಪ್ಪೆ. ನಾರು ಅದರಲ್ಲಿದೆ, ಕ್ಯಾಲ್ಸಿಯಂನ ದೊಡ್ಡ ಪಾಲೂ ಅದರಲ್ಲಿದೆ. ದಪ್ಪ ಕಣ್ಣಿನ ಜರಡಿಯಲ್ಲಿ ಕಸ ಕಡ್ಡಿಗಷ್ಟೇ ಒಮ್ಮೆ ಆಡಿದರೆ ಸಾಕು. ಈಗ ಒಂದರಿ ಮೇಲಿನ ತೌಡು ಕಲಗಚ್ಚಿಗೆ ಬೀಳುತ್ತದೆ, ಮಿಲ್ಲಿನ ಸಾಮೆ ತೌಡು ಪಶು ಆಹಾರಕ್ಕೆ ಹೋಗುತ್ತದೆ. ಎರಡನ್ನೂ ಉಣ್ಣುತ್ತಿರುವುದು ಹಸು.